ಬಣ್ಣ ಹಾಕದ ಪೆಟ್ರೋಲು

ನಮ್ಮ ವಂಶದವರಿಗೆ ಬಣ್ಣದ ಮೇಲೆ ನಂಬಿಕೆಯಿಲ್ಲ. ತಲೆಮಾರುಗಳಿಂದ ಮಗ್ಗದ ಮುಂದೆ ಕೂತವರು ನಾವು. ಕಳಪೆ ನೂಲನ್ನು ಗಾಢ ಬಣ್ಣದಲ್ಲಿ ಅದ್ದಿ ಮಾರುತ್ತಾರೆಂಬ ಗುಟ್ಟು ಮನೆಯ ಮಕ್ಕಳಿಗೂ ಗೊತ್ತು. ಹೀಗಾಗಿ ಮದುವೆಮನೆಯ ಎಲೆಗೆ ಕೆಂಪು ಜಾಂಗೀರು ಬಿದ್ದರೆ ನಮ್ಮವರು ಮೊದಲು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಡಾಕ್ಟರು ಕೊಟ್ಟ ಗುಲಾಬಿ ಬಣ್ಣದ ಔಷಧಿಯನ್ನು ನನ್ನಜ್ಜಿ ಬಿಸಿಲಿಗೆ ಹಿಡಿದು, “ಒಳಗೆ ಏನೋ ಮುಚ್ಚವ್ನೆ” ಎಂದು ಬಾಳೆಗಿಡದ ಬುಡಕ್ಕೆ ಸುರಿದಿದ್ದರು. ಬಾಳೆ ಚೆನ್ನಾಗಿಯೇ ಗೊನೆ ಬಿಟ್ಟಿತು. ಈ ಅಪನಂಬಿಕೆಯೇ ನಮ್ಮ ದೊಡ್ಡಪ್ಪನ ಕಾರಿನ ಎಂಜಿನ್ನನ್ನು ತಿಂದುಹಾಕಿತು ಎಂದು ನಾನು ಬಹಳ ಕಾಲ ಊರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಕಥೆಯನ್ನು ಪೂರ್ತಿ ಹೇಳಿದರೆ ಯಾರೂ ನಗುವುದಿಲ್ಲವೆಂದು ಗೊತ್ತಿದ್ದರಿಂದ ಅರ್ಧಕ್ಕೇ ನಿಲ್ಲಿಸುತ್ತಿದ್ದೆ.

ಎಂಬತ್ತರ ದಶಕದ ಮಾತು. ದೊಡ್ಡಪ್ಪ ಮಗ್ಗ ಮಾರಿ ತಿರುಪ್ಪೂರಿನಲ್ಲಿ ಸಣ್ಣದೊಂದು ಬನಿಯನ್ ಕಂಪನಿ ಹಾಕಿದ್ದರು. ಜೊತೆಗೆ, ನೀಲಗಿರಿಯ ಯಾವುದೋ ಎಸ್ಟೇಟಿನ ದೊರೆ ಬಿಟ್ಟುಹೋಗಿದ್ದ, ನನಗಿಂತ ವಯಸ್ಸಾದ ಒಂದು ವಿಲಾಯಿತಿ ಕಾರನ್ನೂ ಕೊಂಡಿದ್ದರು. ಅದರ ಮೈಮೇಲಿನ ಕರಿ ಬಣ್ಣವನ್ನು ಮಾತ್ರ ಹೇಗೆ ಕ್ಷಮಿಸಿದರೋ ಕಾಣೆ. ದೊಡ್ಡಮ್ಮ ಅದಕ್ಕೆ ಕರಿಯ ಎಂದು ಹೆಸರಿಟ್ಟರು. ಹೊಸ್ತಿಲು ದಾಟಿದರೆ ಲೋಕಕ್ಕೆಲ್ಲ ತಮಿಳು ಮಾತನಾಡುತ್ತಿದ್ದ ದೊಡ್ಡಪ್ಪ, ಮನೆಯವರನ್ನು ಬಿಟ್ಟರೆ ಕನ್ನಡ ಆಡುತ್ತಿದ್ದುದು ಕರಿಯನೊಂದಿಗೆ ಮಾತ್ರ. “ಏಳೋ ಅಪ್ಪಾ, ಮಾನ ಕಾಪಾಡೋ” ಎಂದು ಅವರು ಸ್ಟಾರ್ಟರ್ ಎಳೆಯುವುದನ್ನು ನೋಡಿದರೆ ಮಗನನ್ನು ಶಾಲೆಗೆ ಎಬ್ಬಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಬಂಕಿನ ಪೆಟ್ರೋಲು ಆಗ ಕಿತ್ತಳೆ ಬಣ್ಣಕ್ಕಿರುತ್ತಿತ್ತು. ಅಷ್ಟು ಸಾಕಾಯಿತು. “ಒಳ್ಳೇ ಮಾಲಿಗೆ ಬಣ್ಣ ಯಾಕೆ ಕಣ್ಣು?” ಎಂದು ದೊಡ್ಡಪ್ಪ, ತಮಿಳಿನ ಮುದ್ದುಮಾತು ಬೆರೆಸಿ, ನನ್ನನ್ನೇ ಕೇಳಿದರು. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ನಾನು ಗಂಭೀರವಾಗಿ ತಲೆಯಾಡಿಸಿದೆ. ಬನಿಯನ್ ಕಂಪನಿಗಳಲ್ಲಿ ಬಟ್ಟೆಗೆ ಹತ್ತಿದ ಎಣ್ಣೆಕಲೆ ತೆಗೆಯಲು ನೀರಿನ ಹಾಗಿರುವ ಬಿಳಿ ಪೆಟ್ರೋಲು ಇಟ್ಟಿರುತ್ತಾರೆ. ದೊಡ್ಡಪ್ಪ ಅದನ್ನೇ ಕರಿಯನಿಗೆ ಕುಡಿಸತೊಡಗಿದರು. ಕಲೆ ತೆಗೆಯುವ ಮಾಲು ಎಂಜಿನ್ನಿನ ಹೊಟ್ಟೆಯನ್ನೂ ತೊಳೆಯುತ್ತದೆಂಬುದು ಅವರ ವಾದ. ಕರಿಯ ಏರಿನಲ್ಲಿ ಟಕಟಕ ಕೆಮ್ಮಿದರೂ ಓಡಿದ. ಇದರಿಂದ ಹೆಚ್ಚು ಸುಖಪಟ್ಟವರು ದೊಡ್ಡಮ್ಮ. ಬಸ್ಸು, ಟ್ಯಾಕ್ಸಿ ಎಂದರೆ ಆ ವಾಸನೆಗೇ ಕರುಳು ಬಾಯಿಗೆ ಬರುತ್ತಿದ್ದ ಹೆಂಗಸು, ಕರಿಯನಲ್ಲಿ ಮಾತ್ರ ಆರಾಮಾಗಿ ಕೂರುತ್ತಿದ್ದರು. ಕಂಪನಿಯ ಮೊದಲ ದಿನಗಳಲ್ಲಿ ಒಂದೇ ಮೇಜಿಗೆ ಗಂಡನ ಪಕ್ಕ ಕೂತು ಅದೇ ಪೆಟ್ರೋಲಿನಲ್ಲಿ ಕಲೆ ಒರೆಸಿದವರಲ್ಲವೇ. “ನಮ್ಮ ಮೇಜಿನ ವಾಸನೆ” ಎನ್ನುತ್ತಿದ್ದರು.

ಆಮೇಲೆ ಅವರ ಹೃದಯ ಸೋತಿತು. ಕೊಯಮತ್ತೂರಿನ ಡಾಕ್ಟರ ಬಳಿ ಆಗಾಗ ಹೋಗಬೇಕಾಯಿತು. ಅದೇ ಹೊತ್ತಿಗೆ ಕರಿಯನೂ ಏದುಸಿರು ಬಿಡತೊಡಗಿದ. ಬೆಳಿಗ್ಗೆ ಡಾಕ್ಟರು ದೊಡ್ಡಮ್ಮನ ನಾಡಿ ಹಿಡಿದರೆ, ಮಧ್ಯಾಹ್ನ ಅಲ್ಲೇ ಪಕ್ಕದ ಪೋತ್ತನೂರಿನ ಪೆರಿಯಸಾಮಿ ಮೇಸ್ತ್ರಿ ಕರಿಯನ ನಾಡಿ ಹಿಡಿಯುತ್ತಿದ್ದ. ಮಹಾ ಜಂಬದ ಆಸಾಮಿ. ಮೊದಲು ಪ್ಲಗ್ ಎಂದ, ಆಮೇಲೆ ಕಾರ್ಬ್ಯುರೇಟರ್ ಎಂದ, ಕೊನೆಗೆ ಎಂಜಿನ್ನಿನ ತಲೆಯನ್ನೇ ಬಿಚ್ಚಿ, ಮೊದಲಿನಿಂದಲೂ ತನಗೆ ಅನುಮಾನವಿತ್ತು ಎಂದ.

“ಬಂಕಿನ ಪೆಟ್ರೋಲಲ್ಲಿ ಸೀಸ ಬೆರೆಸಿರ್ತಾರೆ ಅಣ್ಣಾ. ವಾಲ್ವಿಗೆ ಅದು ಮೆತ್ತೆ ಇದ್ದ ಹಾಗೆ. ನೀವು ಹುಯ್ಯೋ ಬಿಳೀದರಲ್ಲಿ ಸೀಸ ಇಲ್ಲ. ವಾಲ್ವು ಕುಟ್ಟಿ ಕುಟ್ಟಿ ಒಳಗೆ ಇಳೀತಾ ಇದೆ. ಇಳಿದಷ್ಟೂ ಈ ಸ್ಕ್ರೂ ತಿರುಗಿಸಿ ಸರಿಮಾಡ್ತೀನಿ. ಸ್ಕ್ರೂ ಮುಗೀತೋ, ಎಂಜಿನ್ ಮುಗೀತು.”

ಮುಂದಿನ ಪ್ರಯಾಣಕ್ಕೆ ದೊಡ್ಡಪ್ಪ ಬಾಯಿಮುಚ್ಚಿಕೊಂಡು ಬಂಕಿನದ್ದೇ ಹಾಕಿಸಿದರು. ದಾರಿಯಲ್ಲಿ ಅವಿನಾಶಿ ಊರು ದಾಟುವುದರೊಳಗೆ ದೊಡ್ಡಮ್ಮ ವಾಂತಿ ಮಾಡಿಕೊಂಡು ಬೆವೆತು ಹಿಂದಿನ ಸೀಟಿಗೆ ಒರಗಿದರು. ಡಾಕ್ಟರು ದೊಡ್ಡಪ್ಪನನ್ನು ಬದಿಗೆ ಕರೆದು, ಇನ್ನೊಮ್ಮೆ ಹೀಗಾದರೆ ಆ ಹೃದಯ ತಾಳುವುದಿಲ್ಲ ಎಂದರು. ಮರುದಿನವೇ ಕರಿಯನ ಹೊಟ್ಟೆಗೆ ಮತ್ತೆ ಬಿಳಿ ಪೆಟ್ರೋಲು ಬಿತ್ತು.

ಮುಂದಿನ ಸಲ ಹೋದಾಗ ಮೇಸ್ತ್ರಿಗೆ ಅದು ತಿಳಿದೇ ತಿಳಿಯಿತು. ಅವನ ಗಂಟಲು ದೊಡ್ಡದು. ಕಾರಿನ ಪಕ್ಕ ನಿಂತು ಅವನು ಬಯ್ದದ್ದೆಲ್ಲ ಒಳಗಿದ್ದ ದೊಡ್ಡಮ್ಮನಿಗೆ ಕೇಳಿಸಿತ್ತು. ವಾಪಸು ಬರುವಾಗ ಮೆಲ್ಲಗೆ ಹೇಳಿದರು, “ಏನುಂಗ, ಬಣ್ಣದ್ದೇ ಹಾಕಿಸಿ. ನಾನು ಮೂಗಿಗೆ ಸೆರಗು ಹಿಡ್ಕೊಂತೀನಿ.”

“ಅವನಿಗೇನ್ ತಿಳೀತದೆ? ಬಣ್ಣದ ಗುಟ್ಟು ನೇಯೋರಿಗೆ ಗೊತ್ತು, ಸ್ಪ್ಯಾನರ್ ಹಿಡಿಯೋನಿಗಲ್ಲ.”

“ಹೂಂ, ನೀವೇ ದೊಡ್ಡ ಬುದ್ಧಿವಂತರು” ಎಂದು ದೊಡ್ಡಮ್ಮ ಕಿಟಕಿಯ ಕಡೆ ತಿರುಗಿದರು. ಮುಂದಿನ ಸೀಟಿನಲ್ಲಿದ್ದ ನಾನು, ಈ ಮನುಷ್ಯನ ಹಟಕ್ಕೆ ಮದ್ದಿಲ್ಲ ಎಂದು ನಕ್ಕೆ. ನಕ್ಕವನು ನಾನೊಬ್ಬನೇ.

ಅಲ್ಲಿಂದ ಮುಂದೆ ಪ್ರತಿ ಸಲವೂ ದೊಡ್ಡಪ್ಪ ಮೇಸ್ತ್ರಿಯ ಹೆಗಲ ಮೇಲಿಂದ ಬಗ್ಗಿ ಆ ಸ್ಕ್ರೂವನ್ನೇ ನೋಡುತ್ತಿದ್ದರು. ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇನ್ನೂ ಬರ್ತದಾ?” ಅದೇ ಬೆಳಿಗ್ಗೆ ಡಾಕ್ಟರನ್ನೂ ಅವರು ಹಾಗೆಯೇ ಏನೋ ಕೇಳಿರುತ್ತಿದ್ದರು.

ಸಂಕ್ರಾಂತಿ ಕಳೆದು ತೈ ತಿಂಗಳ ಒಂದು ಬೆಳಿಗ್ಗೆ ದೊಡ್ಡಮ್ಮ ಹಾಸಿಗೆಯಿಂದ ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ದೊಡ್ಡಪ್ಪ ನನ್ನನ್ನು ಕೂರಿಸಿಕೊಂಡು ಪೋತ್ತನೂರಿಗೆ ಹೋದರು. ಮೇಸ್ತ್ರಿಗೆ ವಿಷಯ ಗೊತ್ತಿರಲಿಲ್ಲ. ಬಾನೆಟ್ ಎತ್ತಿ ಎಂದಿನ ಜಂಬದಲ್ಲಿ, “ನೋಡಿ ಅಣ್ಣಾ, ನನ್ನ ಕೈಗುಣ! ಸ್ಕ್ರೂ ಇನ್ನೂ ಬಾಕಿ ಇದೆ. ಎಷ್ಟೋ ಸಲ ಕೊಯಮತ್ತೂರಿಗೆ ಬರಬಹುದು” ಎಂದ.

“ಬಾಕಿ ಇದೆಯಾ” ಎಂದರು ದೊಡ್ಡಪ್ಪ. ಕಾರಿನ ಮೆಟ್ಟಿಲ ಮೇಲೆ ಕೂತರು. ಬರುವಾಗ ದಾರಿಯ ಬಂಕಿನಲ್ಲಿ ನಿಲ್ಲಿಸಿ ಬಣ್ಣದ ಪೆಟ್ರೋಲು ಹಾಕಿಸಿದರು. ತಿರುಪ್ಪೂರು ಮುಟ್ಟುವವರೆಗೆ ಕರಿಯನೊಂದಿಗೆ ಒಂದು ಮಾತೂ ಆಡಲಿಲ್ಲ.

ಈಗ ಎಲ್ಲ ಬಂಕುಗಳಲ್ಲೂ ಸೀಸವಿಲ್ಲದ ಪೆಟ್ರೋಲೇ. ಆ ಬೋರ್ಡು ಹೊಸದಾಗಿ ಬಂದಾಗ ನಾನು ಬಂಕಿನವನಿಗೆ, “ನಮ್ಮನೆ ಕಾರು ಇದನ್ನ ಆವಾಗಲೇ ಕುಡಿದಿತ್ತಪ್ಪಾ” ಎಂದು ಹೆಮ್ಮೆಯಿಂದ ಹೇಳಿದೆ. ಅವನು ನನ್ನನ್ನೊಮ್ಮೆ, ನನ್ನ ಕಾರನ್ನೊಮ್ಮೆ ನೋಡಿ, ಚಿಲ್ಲರೆ ಇಲ್ಲ ಸಾರ್ ಎಂದ. ದೊಡ್ಡಪ್ಪನ ಕಥೆಯನ್ನು ಮೊನ್ನೆ ಪೂರ್ತಿಯಾಗಿ, ಮೊದಲ ಸಲ, ನನ್ನ ಹೆಂಡತಿಗೆ ಕಾರಿನಲ್ಲೇ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಕತ್ತಿನ ಬೆವರನ್ನೂ ಒರೆಸಿಕೊಂಡು, “ಸ್ವಲ್ಪ ಎಸಿ ಹಾಕ್ತೀರಾ?” ಎಂದು ಕೇಳಿದಳು.

“ಏರು ಕಳೀಲಿ ತಡಿ, ಎಂಜಿನ್ನಿಗೆ ಭಾರ” ಎಂದೆ.

ರಸ್ತೆ ಮಟ್ಟಸವಾಗಿತ್ತು.