ಚೀಲ ಕಳೆದು ಅರವತ್ತೆಂಟು

ತೂಕ ಇಳಿಸುವುದು ಕಷ್ಟ, ಇಳಿಸಿದ ಮೇಲೆ ಅಲ್ಲೇ ನಿಲ್ಲಿಸುವುದು ಬಲು ಸುಲಭ ಎಂದು ನಾನು ಮೂರು ಜನರ ಮುಂದೆ ಹೇಳಿದ್ದೆ. ಒಬ್ಬಳು ನನ್ನ ಹೆಂಡತಿ ಸವಿತಾ. ಇನ್ನೊಬ್ಬರು ನಮ್ಮ ಮಂಡಿಯ ಹಮಾಲಿ ತಿಪ್ಪೇಸ್ವಾಮಣ್ಣ. ಮೂರನೆಯವರು ದರ್ಜಿ ನಜೀರ್ ಚಾಚಾ. ಮೂವರೂ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ಮೂವರ ನೆನಪಿನ ಶಕ್ತಿಯೂ ಚೆನ್ನಾಗಿದೆ. ಅದೇ ನನ್ನ ತೊಂದರೆ!

ನಾನು ಹಿರಿಯೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ರೈಟರ್. ರೈಟರ್ ಎಂದರೆ ಕಥೆ ಬರೆಯುವವನಲ್ಲ. ತಿಪ್ಪೇಸ್ವಾಮಣ್ಣ ಚೀಲವನ್ನು ತೂಕದ ಯಂತ್ರದ ಮೇಲಿಟ್ಟು ಅಂಕಿ ಕೂಗುತ್ತಾರೆ, ನಾನು ತಲೆ ಎತ್ತದೆ ಚೀಟಿಯಲ್ಲಿ ಬರೆಯುತ್ತೇನೆ. ಐದು ವರ್ಷದಿಂದ ಇದೇ ಕೆಲಸ. ಕೂತು ಕೂತು, ಸಂಜೆ ಐದಕ್ಕೆ ಎದುರು ಗಾಡಿಯ ಮಿರ್ಚಿ ಬಜ್ಜಿ, ಮಂಡಕ್ಕಿ ತಿಂದು ತಿಂದು, ಮದುವೆಯ ಹೊತ್ತಿಗೆ ನಾನು ಎಂಬತ್ತಾರು ಕೆಜಿ ಆಗಿದ್ದೆ. ನಮ್ಮ ಮದುವೆಯ ಫೋಟೋದಲ್ಲಿ ಸವಿತಾ ಕಾಣುವುದು ಅರ್ಧ ಮಾತ್ರ. ಉಳಿದರ್ಧ ನನ್ನ ಹಿಂದೆ ಇದೆ. ಹೊಸದುರ್ಗದಲ್ಲಿರುವ ಅವಳ ತವರಿನವರು ಆ ಫೋಟೋವನ್ನು ಟಿವಿಯ ನೆತ್ತಿಯ ಮೇಲೇ ನೇತುಹಾಕಿದ್ದಾರೆ. ಹೋದಾಗಲೆಲ್ಲ ಅದನ್ನು ನೋಡುತ್ತಲೇ ಕಾಫಿ ಕುಡಿಯಬೇಕು.

ಅವಳ ತಮ್ಮನಿಗೆ ಮದುವೆ ಗೊತ್ತಾದ ದಿನ ಸವಿತಾ ರೊಟ್ಟಿ ತಟ್ಟುತ್ತಾ ಹೇಳಿದಳು.

"ರೀ, ತಮ್ಮನ ಮದ್ವೇಲಿ ನಾವಿಬ್ರೂ ಒಂದ್ ಫೋಟೋ ತೆಗಿಸ್ಕಳಾಣ. ಅದ್ರಲ್ಲಿ ನಾನೂ ಪೂರ್ತಿ ಬರ್ಬೇಕು. ಅಷ್ಟೇ ನನ್ನಾಸೆ."

ಬೇರೆಯವರ ಹೆಂಡತಿಯರು ಒಡವೆ ಕೇಳುತ್ತಾರೆ. ಇವಳು ಕೇಳಿದ್ದು ಫೋಟೋದಲ್ಲಿ ಜಾಗ!

ಅವತ್ತಿನಿಂದ ಆರು ತಿಂಗಳು ಫೋನಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ ನಾನೇ ಸ್ವಯಂಘೋಷಿತ ಪಂಡಿತನಾದೆ. ಮುದ್ದೆಯನ್ನು ಅರ್ಧ ಮಾಡಿದೆ, ಅರ್ಧವನ್ನು ಕಾಲು ಮಾಡಿದೆ. ಸೌತೆಕಾಯಿ, ಸೊಪ್ಪು ಮೆದ್ದು ಮೆದ್ದು, ಬೀದಿಯ ಮೇಕೆಗಳು ನನ್ನನ್ನು ನೆಂಟನ ಹಾಗೆ ನೋಡತೊಡಗಿದವು. ಕೊನೆಗೊಂದು ಸೋಮವಾರ ಔಷಧಿ ಅಂಗಡಿಯ ಯಂತ್ರದ ಮುಳ್ಳು ಅರವತ್ತೆಂಟಕ್ಕೆ ಬಂದು ನಿಂತಿತು. ಅಲ್ಲಿಂದ ನೆಟ್ಟಗೆ ನಜೀರ್ ಚಾಚಾ ಅಂಗಡಿಗೆ ಹೋಗಿ ಕೋಟಿಗೆ ಅಳತೆ ಕೊಟ್ಟೆ.

"ಒಳಗೆ ಎರಡಿಂಚು ಬಟ್ಟೆ ಬಿಟ್ಟಿರ್ತೀನಿ ಬೇಟಾ. ಮುಂದೆ ಬೇಕಾಗ್ತೈತೆ" ಎಂದರು ಚಾಚಾ. ನಮ್ಮ ಕಡೆ ಯಾವ ದರ್ಜಿಯೂ ಒಳಗೆ ಬಟ್ಟೆ ಮಡಚಿಡದೆ ಹೊಲಿಯುವುದಿಲ್ಲ.

"ಬೇಡ ಚಾಚಾ! ಅದೆಲ್ಲ ಮನಸ್ಸು ಗಟ್ಟಿ ಇಲ್ದಿರೋರಿಗೆ. ಕತ್ತರಿಸಿ ಬಿಸಾಕ್ರಿ!"

"ನಲವತ್ತು ವರ್ಷದಿಂದ ಹೊಟ್ಟೆ ನೋಡಿದೀನಿ ಬೇಟಾ. ಹೊಟ್ಟೆ ಮಾತು ನಂಬಬಾರ್ದು."

"ಕತ್ತರಿಸ್ರಿ ಚಾಚಾ!"

ಚಾಚಾ ಒಂದು ಸಲ ನಿಟ್ಟುಸಿರು ಬಿಟ್ಟು ಕತ್ತರಿಸಿದರು. ಕತ್ತರಿಯ ಕಚಕಚ ಸದ್ದು ಕೇಳಿ ನನಗೆ ಎಂಥ ಹೆಮ್ಮೆ!

ಮದುವೆಗೆ ಇನ್ನೂ ಮೂರು ತಿಂಗಳಿತ್ತು. ಈ ಘಟ್ಟಕ್ಕೂ ವಿಡಿಯೋದಲ್ಲಿ ವಿಧಿವಿಧಾನ ಇತ್ತು. ಒಮ್ಮೆಗೇ ಹಳೆಯ ಊಟಕ್ಕೆ ಹಾರಬಾರದು. ವಾರಕ್ಕೆ ನೂರು ಕ್ಯಾಲೊರಿ ಹೆಚ್ಚಿಸಬೇಕು. ದಿನಾ ತೂಕ ನೋಡಬೇಕು. ತೂಕ ಇಳಿಯುತ್ತಿದ್ದರೆ ಇನ್ನೂ ನೂರು ಹೆಚ್ಚಿಸಬೇಕು, ಏರಿದರೆ ಅಲ್ಲೇ ನಿಲ್ಲಿಸಬೇಕು. ಇಷ್ಟೇ! ಎಂಟನೇ ಕ್ಲಾಸಿನ ಲೆಕ್ಕ!

ಆ ನೂರು ಕ್ಯಾಲೊರಿಯನ್ನು ಯಾವುದಕ್ಕೆ ಕೊಡಬೇಕು ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಸಭೆ ಸೇರಿದೆವು.

"ಒಂದು ಚಮಚ ತುಪ್ಪ ಹಾಕ್ಕಳ್ರಿ ಮುದ್ದೆಗೆ" ಎಂದಳು ಸವಿತಾ.

ನನ್ನ ಮನಸ್ಸು ಆಗಲೇ ಮಂಡಿಯ ಎದುರಿಗೆ ಹೋಗಿ ನಿಂತಿತ್ತು.

ಆ ಆರು ತಿಂಗಳು ನಾನು ಪಟ್ಟ ಪಾಡನ್ನು ಇಲ್ಲಿ ಹೇಳಲೇಬೇಕು. ಸಂಜೆ ಐದಾದರೆ ಸಾಕು, ಎಣ್ಣೆಗೆ ಮೊದಲ ಮಿರ್ಚಿ ಬೀಳುವ ಸದ್ದು ರಸ್ತೆ ದಾಟಿ ನನ್ನ ಕಿವಿಗೆ ಬರುತ್ತಿತ್ತು. ಚರ್ರ್! ನಾನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಆಗ ವಾಸನೆ ಬೆನ್ನ ಕಡೆಯಿಂದ ಬಂದು ಹೆಗಲ ಮೇಲೆ ಕೈ ಹಾಕಿತು. ಹೊಟ್ಟೆ ಸೀಳಿ ಉಪ್ಪು, ಜೀರಿಗೆ ತುಂಬಿದ ಆ ಉದ್ದ ಮೆಣಸಿನಕಾಯಿ, ಜತೆಗೆ ಹಸಿ ಈರುಳ್ಳಿ ಬೆರೆಸಿದ ಒಗ್ಗರಣೆ ಮಂಡಕ್ಕಿ, ತುದಿಯಲ್ಲಿ ಎಣ್ಣೆ ಇಳಿದು ಪಾರದರ್ಶಕವಾದ ಪೇಪರ್ ತುಂಡು... ಮೊದಲ ತುತ್ತಿಗೆ ನಾಲಿಗೆ ಸುಡುತ್ತದೆ, ಎರಡನೆಯದಕ್ಕೆ ಕಣ್ಣಲ್ಲಿ ನೀರು ಬರುತ್ತದೆ, ಮೂರನೆಯದಕ್ಕೆ ಮಂಡಿ ಸಾಹುಕಾರರೂ ಒಳ್ಳೆಯವರಂತೆ ಕಾಣುತ್ತಾರೆ. ಪ್ರೀತಿಸಿದ ಹುಡುಗಿ ಎದುರು ಬೀದಿಗೇ ಮದುವೆಯಾಗಿ ಬಂದರೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಸುಮಾರಾಗಿ ಹೀಗೇ ಇರಬೇಕು.

ಹಾಗಾಗಿ ಆ ಸೋಮವಾರ ಸಂಜೆ ಗಾಡಿಯ ಮುಂದೆ ನಿಂತು ಗಂಭೀರವಾಗಿ ಹೇಳಿದೆ. "ಅರ್ಧ ಮಿರ್ಚಿ ಕೊಡ್ರಿ."

ಗಾಡಿಯವನು ಜಾಲರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಅರ್ಧನಾ? ಉಳಿದರ್ಧ ಯಾರಿಗ್ರೀ ಮಾರ್ಲಿ ನಾನು?"

ಹಿಂದೆಯೇ ಬಂದಿದ್ದ ತಿಪ್ಪೇಸ್ವಾಮಣ್ಣ ಕೈ ಚಾಚಿದರು. "ನಂಗ್ ಕೊಡಪ್ಪ. ರೈಟ್ರಿಗೆ ಪುಣ್ಯ ಬರ್ಲಿ."

ಆ ಅರ್ಧ ಮಿರ್ಚಿಯನ್ನು ನಾನು ಹತ್ತು ನಿಮಿಷ ತಿಂದೆ. ತಿಪ್ಪೇಸ್ವಾಮಣ್ಣ ತಮ್ಮರ್ಧವನ್ನು ಒಂದೇ ತುತ್ತಿಗೆ ಮುಗಿಸಿ, ನಾನು ತಿನ್ನುವುದನ್ನೇ ನೋಡುತ್ತಾ ನಿಂತರು. ಅವರ ಕಣ್ಣಲ್ಲಿ ಆಗಲೇ ಏನೋ ಮರುಕ ಇತ್ತು. ಅದು ನನಗೆ ಅರ್ಥವಾಗಲಿಲ್ಲ.

ದಿನಾ ತೂಕ ನೋಡಲು ಹೋದರೆ ಔಷಧಿ ಅಂಗಡಿಯವನು ಮುಖ ಸಿಂಡರಿಸಿದ. ಹೋಗಲಿ ಬಿಡು, ನಮ್ಮ ಮಂಡಿಯಲ್ಲೇ ದೊಡ್ಡ ಯಂತ್ರ ಇದೆಯಲ್ಲ! ಮಾರನೇ ಬೆಳಗ್ಗೆ ಅದರ ಮೇಲೆ ಹತ್ತಿ ನಿಂತೆ. ಬಗ್ಗಿ ನೋಡಿದರೆ ಅಂಕಿ ಅಲುಗುತ್ತದೆ, ಗದ್ದ ಎತ್ತಿ ನೇರ ನೋಡುತ್ತಾ ನಿಲ್ಲಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಡ್ರಿಲ್ಲಿನವರಂತೆ ಸಾವಧಾನ್ ನಿಂತೆ. ತಿಪ್ಪೇಸ್ವಾಮಣ್ಣ ಬಗ್ಗಿ ಅಂಕಿ ನೋಡಿ ಕೂಗಿದರು.

"ಅರವತ್ತೇಳೂ...!"

ಅವರು ಕೂಗಿದ್ದನ್ನು ನನ್ನ ಕೈ ಐದು ವರ್ಷದಿಂದ ಒಮ್ಮೆಯೂ ಅನುಮಾನಿಸಿಲ್ಲ. ಡೈರಿಯಲ್ಲಿ ಬರೆದೆ. ಒಂದು ಕೆಜಿ ಇಳಿದುಬಿಟ್ಟಿದ್ದೇನೆ! ಅಪಾಯ! ತಕ್ಷಣ ಇನ್ನೂ ನೂರು ಹೆಚ್ಚಿಸಬೇಕು! ಅವತ್ತು ಸಂಜೆ ಒಂದು ಪೂರ್ತಿ ಮಿರ್ಚಿ ತಿಂದೆ, ತಿಪ್ಪೇಸ್ವಾಮಣ್ಣನಿಗೂ ಒಂದು ಕೊಡಿಸಿದೆ.

ಮುಂದಿನ ವಾರವೂ ಅರವತ್ತೇಳು. ಮಂಡಕ್ಕಿ ಸೇರಿತು. ಅದರ ಮುಂದಿನ ವಾರ ಅರವತ್ತೆಂಟಕ್ಕೆ ಕೂದಲೆಳೆಯಷ್ಟು ಕಮ್ಮಿ. ಮುದ್ದೆ ತನ್ನ ಮೊದಲಿನ ಗಾತ್ರಕ್ಕೆ ಬಂತು. ನನ್ನ ದೇಹ ಒಂದು ವಿಶೇಷ ಪ್ರಕಾರದ್ದು, ಏನು ತಿಂದರೂ ಕರಗಿಸುತ್ತದೆ ಎಂದು ನನಗೆ ಖಚಿತವಾಯಿತು. ಮಂಡಿಗೆ ಬಂದ ರೈತರನ್ನು ನಿಲ್ಲಿಸಿಕೊಂಡು ಉಪನ್ಯಾಸ ಕೊಡಲು ಶುರುಮಾಡಿದೆ. ಪಾಪ, ಚೀಟಿ ನನ್ನ ಕೈಯಲ್ಲಿದ್ದರಿಂದ ಅವರು ಕೇಳಲೇಬೇಕಿತ್ತು.

ಸವಿತಾ ಮಾತ್ರ ಒಂದು ದಿನ ನನ್ನ ಬೆನ್ನು ಉಜ್ಜುತ್ತಾ ಕೇಳಿದಳು. "ರೀ, ಯಾಕೋ ಉಜ್ಜೋ ಜಾಗ ಜಾಸ್ತಿ ಆಗೈತಲ್ರಿ?"

"ಅದು ಸ್ನಾಯು ಕಣೇ."

"ಹಿಂಗೆ ಅಲ್ಲಾಡ್ತೈತೆ?"

"ಹೊಸ ಸ್ನಾಯು. ಇನ್ನೂ ಗಟ್ಟಿಯಾಗಿಲ್ಲ."

ಮದುವೆಗೆ ಮೂರು ದಿನ ಇದ್ದಾಗ ಕೋಟು ಹಾಕಿ ನೋಡಿದೆ. ತೋಳು ಹೋಯಿತು. ಭುಜ ಹೋಯಿತು. ಗುಂಡಿ ಮತ್ತು ಅದರ ತೂತು ಮಾತ್ರ ಜಗಳವಾಡಿದ ಅಣ್ಣತಮ್ಮಂದಿರಂತೆ ಎರಡು ದಿಕ್ಕಿಗೆ ನಿಂತವು. ನಡುವೆ ಒಂದು ಗೇಣು ಹೊಟ್ಟೆ! ಸವಿತಾ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. ಹೋಗಿ ಸುಮ್ಮನೆ ಬಟ್ಟೆ ಮಡಚತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಂಡಿಗೆ ಓಡಿದೆ. ಯಂತ್ರ ಹತ್ತಿದೆ. ಈ ಸಲ ಕ್ಯಾಲೆಂಡರ್ ನೋಡದೆ ಬಗ್ಗಿ ಅಂಕಿ ನೋಡಿದೆ. ಎಪ್ಪತ್ತಾರು!

"ತಿಪ್ಪೇಸ್ವಾಮಣ್ಣ! ನಿನ್ನೆ ಅರವತ್ತೆಂಟು ಅಂತ ಕೂಗಿದ್ರಲ್ಲ?"

"ಹೂಂ, ಚೀಲ ಕಳೆದು ಅರವತ್ತೆಂಟು."

"ಯಾವ ಚೀಲ?"

ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿದರು. "ಏನ್ ರೈಟ್ರೇ ಹಿಂಗ್ ಕೇಳ್ತೀರಿ? ಮಾಲು ತೂಗಿದ್ ಮೇಲೆ ಚೀಲದ್ದು ಕಳೀಬೇಕಲ್ಲ? ನೀವು ಪ್ಯಾಂಟು, ಫೋನು, ಬೀಗದ ಕೈ ಗೊಂಚಲು ಎಲ್ಲಾ ಇಟ್ಕಂಡೇ ಹತ್ತೋರು. ಅದುಕ್ಕೊಂದು ಎರಡು ಕೆಜಿ ತೆಗ್ದೆ. ಆಮೇಲೆ ಮಳೆ ಶುರುವಾತು, ಹಸಿ ಅಂತ ಇನ್ನೊಂದೆರಡು ತೆಗ್ದೆ."

"ನಾನೇನು ಕೊಬ್ಬರಿನಾ ಹಸಿ ಕಳೆಯೋಕೆ?"

"ಬೆಳಿಗ್ಗೆ ಚೊಂಬು ನೀರು ಕುಡ್ದೇ ಬರ್ತಿದ್ರಿ ಅಲ್ವಾ?"

"ಅದು ನಾಲ್ಕಾತು. ಇನ್ನು ನಾಲ್ಕು?"

ತಿಪ್ಪೇಸ್ವಾಮಣ್ಣ ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಆರು ತಿಂಗ್ಳು ಗೋಡೆ ಕಡೆ ಮುಖ ಮಾಡ್ಕಂಡು ಕುಂತಿದ್ರಿ. ಅವತ್ತು ಆ ಅರ್ಧ ಮಿರ್ಚಿನ ದೇವ್ರ ಪ್ರಸಾದದಂಗೆ ಎರಡು ಕೈಯಾಗೆ ಹಿಡ್ಕಂಡು ತಿಂದ್ರಲ್ಲ, ಅಯ್ಯೋ ಪಾಪ ಅನ್ನಿಸ್ತು ರೈಟ್ರೇ. ಜಾಸ್ತಿ ಕೂಗಿದ್ರೆ ಮತ್ತೆ ಗೋಡೆ ಕಡೆ ತಿರುಗ್ತೀರ ಅಂತ... ನಂಗೆ ಬಾಯೇ ಬರ್ಲಿಲ್ಲ."

ನನ್ನ ಆಸೆ ಇಷ್ಟು ದೊಡ್ಡದಾಗಿ ಎದುರಿನವರಿಗೆ ಕಾಣುತ್ತಿತ್ತು ಎಂದು ನನಗೆ ತಿಳಿದೇ ಇರಲಿಲ್ಲ. ಬೈಯಬೇಕು ಎಂದು ಎತ್ತಿದ ಕೈಯನ್ನು ಕೆಳಗಿಳಿಸಿ ಅವರ ಹೆಗಲ ಮೇಲಿಟ್ಟೆ. ಅಷ್ಟರಲ್ಲಿ ಅವರು, "ಒಂದೊಂದು ಮಿರ್ಚಿ ನಂಗೂ ಬರ್ತಿತ್ತು, ಅದೂ ಸುಳ್ಳಲ್ಲ" ಎಂದು ಸೇರಿಸಿದರು. ಕೈಯನ್ನು ಹೆಗಲಿನಿಂದ ತೆಗೆದೆ!

ನಜೀರ್ ಚಾಚಾ ಕೋಟಿನ ಒಳಗನ್ನು ತಿರುಗಿಸಿ ನೋಡಿದರು. ಬಿಡಿಸಲು ಒಂದು ದಾರದಷ್ಟು ಬಟ್ಟೆ ಇರಲಿಲ್ಲ. "ಕತ್ತರಿಸ್ರಿ ಚಾಚಾ, ಕತ್ತರಿಸ್ರಿ ಚಾಚಾ" ಎಂದು ನನ್ನ ದನಿಯಲ್ಲೇ ಎರಡು ಸಲ ಅಣಕಿಸಿದರು. ಆಮೇಲೆ ಗುಂಡಿಗಳನ್ನೆಲ್ಲ ಕಿತ್ತು ಅಂಚಿನ ತುತ್ತತುದಿಗೆ ಹೊಲಿದುಕೊಟ್ಟರು.

"ಹಾಕ್ಕೊಂಡ್ ಮೇಲೆ ಉಸಿರು ಹೊರಗೆ ಬಿಡು. ಒಳಗೆ ತಗೋಬೇಡ."

"ಎಷ್ಟೊತ್ತು ಚಾಚಾ?"

"ಫೋಟೋ ಆಗೋವರ್ಗೂ."

ಹೊಸದುರ್ಗದ ಕಲ್ಯಾಣ ಮಂಟಪದಲ್ಲಿ ನಾನು ಆ ಬೆಳಗ್ಗೆ ಬದುಕಿದ್ದು ಪವಾಡ. ಬಂದವರಿಗೆಲ್ಲ ಬರೀ ತಲೆ ಅಲ್ಲಾಡಿಸಿ ನಮಸ್ಕಾರ ಮಾಡಿದೆ. ಮಾತಾಡಿದರೆ ಗಾಳಿ ಒಳಗೆ ಹೋಗುತ್ತದಲ್ಲ! ದೊಡ್ಡ ಅಳಿಯ ಈಗ ಬಹಳ ಗಂಭೀರ ಆಗಿದಾನೆ ಎಂದು ಬೀಗರ ಕಡೆ ಮಾತಾಯಿತು. ಮುಹೂರ್ತದ ಹೊತ್ತು ಬಂತು. ಗಟ್ಟಿಮೇಳ ಎಂದು ಕೂಗಿದರು. ವಾಲಗ ಜೋರಾಯಿತು. ಎಲ್ಲರಂತೆ ನಾನೂ ಅಕ್ಷತೆ ಹಾಕಲು ಕೈ ಎತ್ತಿದೆ.

ಪರ್ರ್!

ಬೆನ್ನಿಗೆ ತಣ್ಣನೆ ಗಾಳಿ ಬಡಿಯಿತು. ವಾಲಗದವರ ಕೃಪೆಯಿಂದ ಸದ್ದು ಯಾರಿಗೂ ಕೇಳಲಿಲ್ಲ, ಪಕ್ಕದಲ್ಲಿದ್ದ ಸವಿತಾಳ ಹೊರತು. ಅವಳು ಮೆಲ್ಲಗೆ ನನ್ನ ಹಿಂದೆ ಸರಿದು, ಹರಿದ ಕೋಟನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಹಾಗೇ ವೇದಿಕೆ ಹತ್ತಿ ನಿಂತಾಗ ಫೋಟೋದವನು ಕೂಗಿದ. "ಅಕ್ಕಾ, ಮುಂದೆ ಬರ್ರಿ! ಕಾಣ್ತಿಲ್ಲ ನೀವು!"

ಸವಿತಾ ನನ್ನ ಮುಖ ನೋಡಿದಳು. ಅವಳು ಮುಂದೆ ಬಂದರೆ ಕೋಟು ಬಿಚ್ಚಿಕೊಳ್ಳುತ್ತದೆ, ಹಿಂದೆ ನಿಂತರೆ ಅವಳ ಆಸೆ ಹೋಗುತ್ತದೆ. ನಾನು ಆ ಮೂರು ತಿಂಗಳಲ್ಲಿ ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಆಗ ಮಾಡಿದೆ. ಕೋಟನ್ನು ಬಿಚ್ಚಿ ಕುರ್ಚಿಯ ಮೇಲೆ ಎಸೆದು, ಉಸಿರನ್ನು ಪೂರ್ತಿ ಒಳಗೆ ಎಳೆದುಕೊಂಡೆ. ಆಹಾ!

"ಬಾರೇ ಈ ಕಡೆ."

ಅವಳು ಬಂದು ಪಕ್ಕದಲ್ಲಿ ನಿಂತಳು. ಫೋಟೋದಲ್ಲಿ ತಲೆಯಿಂದ ಕಾಲುಂಗುರದವರೆಗೆ ಅವಳು ಪೂರ್ತಿ ಬಂದಿದ್ದಾಳೆ. ನನ್ನ ಹೊಟ್ಟೆಯೂ ಪೂರ್ತಿ ಬಂದಿದೆ.

ಊಟಕ್ಕೆ ಕುಳಿತೆವು. ಹೋಳಿಗೆ ಬಂತು. ಅದರ ಮೇಲೆ ತುಪ್ಪ ಹರಿದು ಎಲೆಯ ಅಂಚಿನವರೆಗೆ ಬಂದು ನಿಂತಿತು. ಎಷ್ಟು ಕ್ಯಾಲೊರಿ ಎಂದು ನನ್ನ ಬಾಯಿ ತಾನಾಗಿ ಲೆಕ್ಕ ಶುರುಮಾಡಿತು.

"ತಿನ್ರಿ ಸುಮ್ನೆ. ಹರಿಯಾಕೆ ಇನ್ನೇನೈತೆ ಮೈ ಮೇಲೆ?" ಎಂದಳು ಸವಿತಾ.

ತಿಂದೆ. ಮೊದಲ ತುತ್ತಿಗೇ ಕಣ್ಣು ಮುಚ್ಚಿಕೊಂಡಿತು. ಸವಿತಾಗೆ ಯಾಕೋ ನನ್ನ ಮೇಲೆ ಅಕ್ಕರೆ ಉಕ್ಕಿತು. ಪಕ್ಕದ ಎಲೆಯಲ್ಲಿ ಕುಳಿತಿದ್ದ ತನ್ನ ದೊಡ್ಡಜ್ಜಿಯ ಕಡೆ ಬಾಗಿ, ಕಿವಿ ಮಂದ ಆಗಿದ್ದರಿಂದ ಇಡೀ ಸಾಲಿಗೆ ಕೇಳುವಂತೆ ಹೇಳಿದಳು.

"ಅಜ್ಜೀ! ನಮ್ಮೋರು ತೂಕ ಇಳಿಸೋ ವಿದ್ಯೆ ಎಲ್ಲಾ ಕಲ್ತವ್ರೆ, ಫೋನ್ ನೋಡ್ಕಂಡು, ತಾವೇ!"

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಎಲೆಯಲ್ಲಿದ್ದ ಮೂರನೇ ಹೋಳಿಗೆಯನ್ನೂ ನೋಡಿದರು. ಆಮೇಲೆ ನನ್ನ ಬೆನ್ನು ಸವರಿ, ಬಹಳ ಅಂತಃಕರಣದಿಂದ ಕೇಳಿದರು.

"ಒಳ್ಳೇದಾತು ಬಿಡಪ್ಪ. ಯಾವಾಗಿಂದ ಶುರು ಮಾಡ್ತೀಯ?"