ಪಿಡಿಎಫ್ ಮಾಡಿಕೊಡಿ ಅಂದಿದ್ದೆ

ಮೈ ಉರಿಸುವಂಥ ಸಂಗತಿಗಳು ವಿಳಾಸ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ. ಚಾಮರಾಜನಗರದ ಒಂದು ಖಾಸಗಿ ಶಾಲೆಗೆ ಕನ್ನಡ ಟೀಚರ್ ಬೇಕು ಅಂತ ಗೊತ್ತಾದಾಗಲೂ ಹಾಗೇ ಆಯಿತು. ಬಿ.ಎಡ್. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು.

ವರ್ಡ್

ತೆರಕಣಾಂಬಿಯಿಂದ ಬಸ್ಸು ಹತ್ತಿ ಗುಂಡ್ಲುಪೇಟೆಯ ಡಿಟಿಪಿ ಅಂಗಡಿಗೆ ಹೋದೆ. ರೆಸ್ಯೂಮನ್ನು ಕನ್ನಡದಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಮಾಡಿ ಶಾಲೆಗೆ ಕಳಿಸಿ ಅಂದೆ. ಅಂಗಡಿಯವನು ವರ್ಡ್ ಫೈಲನ್ನೇ ಮೇಲ್ ಮಾಡಿಬಿಟ್ಟ. ಯಾಕಪ್ಪಾ ಅಂತ ಕೇಳಿದ್ದಕ್ಕೆ, "ತಪ್ಪಿದ್ರೆ ಅವ್ರೇ ತಿದ್ಕತರೆ ಬುಡಮ್ಮಿ" ಅಂದ. ನನ್ನ ಹುಟ್ಟಿದ ತಾರೀಖನ್ನು ಅವರು ಯಾಕೆ ತಿದ್ದಬೇಕು?

ಮಾರನೇ ದಿನ ಶಾಲೆಯ ಗುಮಾಸ್ತರ ಫೋನು. ಅಂಗಡಿಯವನ ಕನ್ನಡ ಫಾಂಟು ಅವರ ಕಂಪ್ಯೂಟರಿನಲ್ಲಿಲ್ಲ. ಹೆಸರಿನಿಂದ ಹವ್ಯಾಸದವರೆಗೆ ಎಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಇದು ಕನ್ನಡ ಟೀಚರ್ ಪೋಸ್ಟು, ನೀವು ಯಾವ ಭಾಷೆಯಲ್ಲಿ ಪಾಠ ಮಾಡ್ತೀರಿ ಅಂತ ಕೇಳಿದರು.

ಫೋಟೋ

ಪಿಡಿಎಫ್ ಕಳಿಸಿ ಅಂತ ಅವರೇ ಹೇಳಿದರು. ಅಷ್ಟಕ್ಕೆ ಗುಂಡ್ಲುಪೇಟೆಗೆ ಯಾಕೆ ಹೋಗಬೇಕು ಅಂತ ನಮ್ಮ ಚಿಕ್ಕಪ್ಪ, ನಾನು ಅಂಗಡಿಯಿಂದ ತಂದಿದ್ದ ಪ್ರಿಂಟನ್ನು ಜಗಲಿಯ ಮೇಲೆ ಹಾಸಿ, ಫೋಟೋ ಹೊಡೆದು, ವಾಟ್ಸಾಪ್ ಮಾಡೇಬಿಟ್ಟರು. ಹಾಳೆ ಗಾಳಿಗೆ ಹಾರದಿರಲಿ ಅಂತ ನನ್ನ ಬಿ.ಎಡ್. ಅಂಕಗಳ ಮೇಲೆ ತಾವು ಬೆಳೆದ ಒಂದು ಟೊಮೇಟೊ ಇಟ್ಟಿದ್ದರು. ಮಾರ್ಕ್ಸ್ ಕಾಣ್ತಿಲ್ಲ, ಟೊಮೇಟೊ ಚೆನ್ನಾಗಿದೆ ಅಂತ ಗುಮಾಸ್ತರು ಬರೆದರು. ಎರಡು ಬಾಕ್ಸ್ ಸಾಕಾ ಅಂತ ಚಿಕ್ಕಪ್ಪ ಉತ್ತರ ಕೊಟ್ಟರು.

ಪಿಡಿಎಫ್

ಮೂರನೇ ಸಲ ಅಂಗಡಿಯವನ ಪಕ್ಕದಲ್ಲೇ ನಿಂತು ಪಿಡಿಎಫ್ ಮಾಡಿಸಿ ಕಳಿಸಿದೆ. ಸಂದರ್ಶನಕ್ಕೆ ಕರೆ ಬಂತು. ಕೊನೆಗೆ ಉಳಿದವರು ನಾನು ಮತ್ತು ಹರವೆಯ ಒಬ್ಬ ಹುಡುಗಿ. ಹೆಡ್‌ಮಾಸ್ಟರು ಎರಡೂ ರೆಸ್ಯೂಮ್ ಪಕ್ಕಪಕ್ಕ ಇಟ್ಟು, ನೀವಿಬ್ಬರೂ ಅಕ್ಕತಂಗಿಯರಾ ಅಂದರು.

ಬಗ್ಗಿ ನೋಡಿದೆ. ಅಂಗಡಿಯವನು ನನ್ನ ವರ್ಡ್ ಫೈಲಿನಲ್ಲೇ ಹೆಸರು, ಹುಟ್ಟಿದ ತಾರೀಖು, ಫೋಟೋ, ಅಂಕ ಮಾತ್ರ ಬದಲಿಸಿ ಅವಳಿಗೂ ಮಾಡಿಕೊಟ್ಟಿದ್ದ. ನಮ್ಮಪ್ಪನ ಹೆಸರು, ನಮ್ಮ ಮನೆ ವಿಳಾಸ ಅವಳ ರೆಸ್ಯೂಮಿನಲ್ಲಿ ಹಾಗೇ ಕೂತಿದ್ದವು. ಇವಳು ಯಾರೋ ನನಗೆ ಗೊತ್ತೇ ಇಲ್ಲ ಸಾರ್ ಅಂದೆ. ಮನೆ ಜಗಳ ಶಾಲೆಗೆ ತರಬೇಡಿ ಅಂತ ನನ್ನನ್ನೇ ಗದರಿದರು. ಒಂದೇ ಮನೆಯವರು, ಯಾರಿಗೆ ಕೆಲಸ ಸಿಕ್ಕರೇನು, ದೊಡ್ಡವರು ನೀವು ಬಿಟ್ಟುಕೊಡಿ ಅಂತ ತೀರ್ಪನ್ನೂ ಕೊಟ್ಟರು.

ಆ ಹುಡುಗಿಯಾದರೂ ನಿಜ ಹೇಳಲಿ ಅಂತ ಅವಳ ಮುಖ ನೋಡಿದೆ. ಅವಳು ಮೆಲ್ಲಗೆ ನನ್ನ ಕೈ ಹಿಡಿದುಕೊಂಡಳು.

"ಬೇಜಾರ್ ಮಾಡ್ಕಬ್ಯಾಡ ಕಣಕ್ಕ, ಅಪ್ಪಂಗೆ ನಾನೇ ಯೋಳ್ತೀನಿ."