ಕೃಷಿಹೊಂಡ ಎಂದರೆ ನಿಲ್ಲಿಸಬೇಕು

ನಮ್ಮ ಮೊರಬದ ಕಡೆ ‘ಸಾಕು’ ಎಂಬ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕ್ರಿ ಅಕ್ಕಾರ, ಸಾಕು’ ಎಂದು ಬಡಕೊಂಡರೂ ಬೆರಳ ಸಂದಿಯಿಂದಲೇ ಹೋಳಿಗೆ ಇಳಿಸಿಬಿಡುತ್ತಾರೆ. ಇಂಥ ಊರಿನಲ್ಲಿ ಗಂಡ ಹೆಂಡತಿ ಮಲಗುವ ಕೋಣೆಯಲ್ಲಿ ಹಗ್ಗದ ಆಟ ಆಡುವುದೆಂದರೆ ಹುಡುಗಾಟವಲ್ಲ. ಹೌದು, ಹಗ್ಗ. ಗಾಬರಿಯಾಗಬೇಡಿ. ನನಗೆ ನಲವತ್ತೆಂಟು, ಶೋಭಾಗೆ ನಲವತ್ತೈದು. ಇಬ್ಬರೂ ಒಪ್ಪಿ, ಬಾಗಿಲು ಹಾಕಿಕೊಂಡು ಆಡುವ ಆಟ. ಕಟ್ಟುವವಳು ಅವಳು, ಕಟ್ಟಿಸಿಕೊಳ್ಳುವವನು ನಾನು. ಇಪ್ಪತ್ತು ವರ್ಷದಿಂದ ಆಕೆ ಹೇಳಿದಂತೆಯೇ ಕುಣಿಯುತ್ತಿದ್ದೇನೆ, ಹಗ್ಗ ಬಂದದ್ದು ಮಾತ್ರ ಈಚೆಗೆ.

ನಿಯಮ ಮಾಡಿದವಳೂ ಶೋಭಾನೇ. ಮನೆಯಲ್ಲಿ ಜಂಪರ್ ಹೊಲಿಯುವವಳು, ಅಳತೆ ಇಲ್ಲದೆ ಯಾವುದಕ್ಕೂ ಕೈ ಹಾಕುವುದಿಲ್ಲ. ‘ಸಾಕು ಅಂದ್ರ ನನ್ನ ಕೈ ನಿಲ್ಲಂಗಿಲ್ರಿ, ನೀಡಿ ನೀಡಿ ರೂಢಿ ಆಗೇತಿ. ಮಂಚದ ಮ್ಯಾಲ ಯಾವತ್ತೂ ಬಾಯಾಗ ಬರದ ಮಾತ ಒಂದ್ ಹೇಳ್ರಿ’ ಎಂದಳು. ಆಗಷ್ಟೇ ಹೊಲದಿಂದ ಬಂದಿದ್ದ ನಾನು ‘ಕೃಷಿಹೊಂಡ’ ಎಂದೆ. ಮಳೆನೀರು ಹಿಡಿಯುವ ಆ ಗುಂಡಿಯ ಹೆಸರು ಕೇಳಿದರೆ ಎಂಥ ಹುಮ್ಮಸ್ಸೂ ತಣ್ಣಗಾಗಬೇಕು. ಅದೇ ಗಟ್ಟಿಯಾಯಿತು. ಕುತ್ತಿಗೆಗೆ ಹಗ್ಗ ಮುಟ್ಟಿಸಬಾರದು, ಕಟ್ಟಿಸಿಕೊಂಡವನನ್ನು ಬಿಟ್ಟು ಕೋಣೆ ದಾಟಬಾರದು, ಕತ್ತರಿ ಕೈಗೆಟುಕುವಂತಿರಬೇಕು. ಕತ್ತರಿ ಎಂದರೆ ಅವಳ ಬಟ್ಟೆಯ ಕತ್ತರಿ. ಅದರಿಂದ ನಾನೊಮ್ಮೆ ಹಾಲಿನ ಪಾಕೀಟು ಕತ್ತರಿಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಕೆಡಿಸಿದವನು ನಾನೇ. ಒಂದು ರವಿವಾರ ಮಧ್ಯಾಹ್ನ ಅವಳು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಿದ್ದಳು. ಎತ್ತು ಕಟ್ಟಿ ಬೆಳೆದ ನನಗೆ ಅವಮಾನವಾಯಿತು. ‘ಇದೇನ್ ಗಂಟು ಲೇ, ಲಂಗದ ಲಾಡಿ ಕಟ್ಟಿದಂಗ! ಜೀರುಗುಣಿಕಿ ಹಾಕು’ ಎಂದು ಮಲಗಿದಲ್ಲಿಂದಲೇ ಪಾಠ ಹೇಳಿ ಹಾಕಿಸಿಕೊಂಡೆ. ಜೀರುಗುಣಿಕೆ ಎಳೆದಷ್ಟೂ ಬಿಗಿಯುತ್ತದೆ. ಐದು ನಿಮಿಷದಲ್ಲಿ ಬೆರಳು ಜುಮ್ಮೆಂದವು. ಆಮೇಲೆ ಬೆರಳು ಇವೆಯೋ ಇಲ್ಲವೋ ತಿಳಿಯದಾಯಿತು. ‘ಆರಾಮ್ ಅದೀರಿಲ್ರಿ?’ ಎಂದು ಎರಡು ಸಲ ಕೇಳಿದಳು. ‘ಅಗದಿ ಆರಾಮ್’ ಎಂದೆ. ನಾನೇ ಹೇಳಿಕೊಟ್ಟ ಗಂಟಿಗೆ ಕೃಷಿಹೊಂಡ ಅನ್ನಲು ಮೀಸೆ ಅಡ್ಡ ಬಂತು. ಕೊನೆಗೆ ಅವಳೇ ಬೆರಳು ಮುಟ್ಟಿ ನೋಡಿದಳು. ತಣ್ಣಗಿದ್ದವು. ಗಂಟು ಬಿಚ್ಚಹೋದರೆ ಬಿಚ್ಚಲಿಲ್ಲ. ಹಿಂದೆಮುಂದೆ ನೋಡದೆ ಆ ಕತ್ತರಿ ಎತ್ತಿಕೊಂಡು ದಪ್ಪ ಹಗ್ಗವನ್ನು ಕಚಕಚ ಕತ್ತರಿಸಿದಳು.

ಆಮೇಲೆ ನನ್ನ ಕೈ ತಿಕ್ಕುತ್ತ ಅತ್ತುಬಿಟ್ಟಳು. ‘ನಿಮ್ಮ ಬಾಯಿ ಮ್ಯಾಲ ನಂಬಿಕಿ ಇಟ್ಟ ಕಟ್ಟತೇನ್ರಿ ನಾ. ಸುಳ್ಳಸುಳ್ಳ ಆರಾಮ್ ಅಂದ್ರ ನಾ ಏನ್ ತಿಳ್ಕೋಬೇಕು? ಬ್ಯಾಡ, ಇನ್ನ ಈ ಆಟ ಬ್ಯಾಡ.’ ನಂಬಬೇಕಾದವನು ಕಟ್ಟಿಸಿಕೊಂಡವನೊಬ್ಬನೇ ಎಂದುಕೊಂಡಿದ್ದೆ. ಹೆದರಿದ್ದು ಅವಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕತ್ತರಿಗೆ ಸಾಣೆ ಹಿಡಿಸಿಕೊಂಡು ಬಂದು ಕೊಟ್ಟೆ. ತೆಗೆದುಕೊಂಡಳು, ಮುಖ ಮಾತ್ರ ಸಡಿಲಲಿಲ್ಲ.

ತಿಂಗಳಾದ ಮೇಲೆ ಮಿಶ್ರಿಕೋಟಿಯಲ್ಲಿರುವ ಅವಳ ಅಕ್ಕನ ಮನೆಗೆ ಊಟಕ್ಕೆ ಹೋದೆವು. ಐದು ಸಲ ಸಾಕು ಅಂದಿದ್ದೆ, ಆರನೆಯ ಹೋಳಿಗೆ ಬಂತು. ಹಿಂದಾಗಿದ್ದರೆ ಮೀಸೆ ತಿರುವಿ ತಿಂದು, ಮೂರು ದಿನ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದೆ. ಶೋಭಾಳ ಮುಖ ನೋಡಿ ‘ಕೃಷಿಹೊಂಡ’ ಎಂದೆ.

ಅವಳು ಚಟ್ಟನೆ ಅಕ್ಕನ ಕೈ ಹಿಡಿದಳು. ‘ನೀಡಬ್ಯಾಡಕ್ಕಾ. ಅವರಿಗೆ ಖರೇನ ಸಾಕಾಗೇತಿ.’ ಹೋಳಿಗೆ ಅಲ್ಲೇ ನಿಂತಿತು. ನಮ್ಮ ಬೀಗರ ಪಂಕ್ತಿಯಲ್ಲಿ ಹಿಂದೆಂದೂ ಹೀಗಾಗಿಲ್ಲ. ಅಕ್ಕನ ಗಂಡ ಕಿವಿ ನೆಟ್ಟಗೆ ಮಾಡಿ, ‘ಎಷ್ಟ್ ಫೂಟಿನ ಹೊಂಡ್ರಿ? ಮಂಜೂರಾತೇನು?’ ಎಂದು ವಿಚಾರಿಸಿದರು. ಶೋಭಾ ತಲೆ ತಗ್ಗಿಸಿ, ತಿಂಗಳಲ್ಲಿ ಮೊದಲ ಸಲ ನಕ್ಕು, ‘ಹೌದ್ರಿ ಭಾವಾರ, ಇವತ್ತ ಆತು’ ಎಂದಳು.

ಹೊಸ ಹಗ್ಗ ಅವಳೇ ತಂದಳು, ಮೆತ್ತನೆಯದು. ಗಂಟು ಮಾತ್ರ ಲಂಗದ ಲಾಡಿಯದೇ. ನಾನೀಗ ಪಾಠ ಹೇಳುವುದಿಲ್ಲ. ಎತ್ತುಗಳ ಮುಂದೆಯೂ ಗಂಟಿನ ಜಂಬ ಕೊಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ.